ಬಲಗಡೆಗೆ ಬಲ

ಕೂದಲೆಳೆಯವರ ತಲೆಯ ಮೇಲೆ ಕೂದಲಿರಲಿಲ್ಲ. ಆ ಹೆಸರು ಅವರಿಗೆ ಬಂದದ್ದು ಉದ್ಯೋಗದಿಂದ. ಅಳತೆ ಮತ್ತು ತೂಕದ ಇಲಾಖೆಯಲ್ಲಿ ಅಂಗಡಿಗಳ ತಕ್ಕಡಿ, ತೂಕದ ಕಲ್ಲು, ಅಳತೆಗೋಲುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವುದು ಅವರ ಕೆಲಸ. ಎಂಥ ತಕ್ಕಡಿಯನ್ನು ಮುಂದಿಟ್ಟರೂ ಅವರು ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕಿರಿದು ಮಾಡಿ, "ಕೂದಲೆಳೆಯಷ್ಟು ವ್ಯತ್ಯಾಸ ಇದೆಯಲ್ಲ" ಎನ್ನುತ್ತಿದ್ದರು. ಅಂಗಡಿಯವರು ಆ ಮಾತನ್ನು ಕೇಳಿ ಕೇಳಿ ಬೇಸತ್ತು ಅದನ್ನೇ ಅವರಿಗೆ ಹೆಸರಾಗಿ ಇಟ್ಟುಬಿಟ್ಟರು. ತಲೆಯ ಸ್ಥಿತಿಗತಿ ಆ ಹೆಸರಿಗೆ ಇನ್ನಷ್ಟು ಹೊಳಪು ಕೊಟ್ಟಿತು.

ಅಳತೆಯ ವಿಷಯದಲ್ಲಿ ಅವರು ತಪ್ಪುವವರಲ್ಲ. ಇದನ್ನು ಮೊದಲೇ ಒಪ್ಪಿಕೊಳ್ಳುವುದು ನ್ಯಾಯ. ಎಷ್ಟು ಎಂದು ಕೇಳಿದರೆ ಅವರ ಉತ್ತರ ಸರಿಯಾಗಿರುತ್ತಿತ್ತು. ಯಾವ ಕಡೆಗೆ ಎಂದು ಕೇಳಿದರೆ ಮಾತ್ರ ಕಷ್ಟ. ಅಂಕಿ ಸರಿಯಿದ್ದು, ಕೂಡುವ ಚಿಹ್ನೆಯ ಜಾಗದಲ್ಲಿ ಕಳೆಯುವ ಚಿಹ್ನೆ ಬಿದ್ದರೆ ಲೆಕ್ಕಕ್ಕೆ ಏನಾಗುವುದೋ, ಅವರ ಬಾಳಿಗೂ ಆಗಾಗ ಅದೇ ಆಗುತ್ತಿತ್ತು.

ಅವರ ಹೆಂಡತಿ ಅಂಚೆ ಕಚೇರಿಯಲ್ಲಿ ಟಪಾಲು ಹಂಚುವ ಹಂಗಾಮಿ ನೌಕರಳು. ಈಗ ದಿಬ್ಬದ ಬಡಾವಣೆಗೆ ಒಬ್ಬರನ್ನು ಖಾಯಂ ಮಾಡುವುದೆಂದು ಮೇಲ್ವಿಚಾರಕರು ನಿಶ್ಚಯಿಸಿದ್ದರು. ಆ ದಿಬ್ಬದ ರಸ್ತೆ ಗೋಡೆಯ ಮೇಲಿನ ಹಲ್ಲಿಗೆ ಮಾತ್ರ ಸಮತಟ್ಟಾಗಿ ಕಾಣುವಂಥದ್ದು. ಹುದ್ದೆ ಬಯಸಿದವರು ಇಬ್ಬರು: ಒಬ್ಬಳು ಈಕೆ, ಇನ್ನೊಬ್ಬ ಕಾಲುಗಳ ಉದ್ದದಿಂದಾಗಿ ಕೊಕ್ಕರೆ ಎಂದು ಹೆಸರಾದ ಸಹೋದ್ಯೋಗಿ. ಸೋಮವಾರ ಬೆಳಿಗ್ಗೆ ಇಬ್ಬರೂ ಟಪಾಲು ಚೀಲ ಹೇರಿಕೊಂಡು ಸೈಕಲ್ಲಿನಲ್ಲಿ ದಿಬ್ಬ ಹತ್ತಬೇಕು. ತುದಿ ಮುಟ್ಟುವವರೆಗೆ ಕಾಲು ನೆಲಕ್ಕೆ ತಾಗಿಸದವರಿಗೆ ಖಾಯಂ ಹುದ್ದೆ. ಉಳಿದವರಿಗೆ ಇನ್ನೊಂದು ವರ್ಷ ಹಂಗಾಮಿ.

"ರೀ, ಸೋಮವಾರದವರೆಗೆ ಆ ಸೈಕಲ್ಲಿನ ಮೇಲೆ ನೊಣ ಕೂತರೂ ನನಗೆ ಗೊತ್ತಾಗಬೇಕು," ಎಂದು ಆಕೆ ಗಂಡನಿಗೆ ತಾಕೀತು ಮಾಡಿದ್ದಳು. "ನೀವಂತೂ ಅದರ ಹತ್ತಿರ ಸುಳೀಬೇಡಿ."

"ನಾನ್ಯಾಕೆ ಸುಳೀಲಿ?" ಎಂದು ಕೂದಲೆಳೆಯವರು ಮುಖ ಸಪ್ಪಗೆ ಮಾಡಿಕೊಂಡರು. ಹಾಗೆ ಹೇಳುವಾಗ ಅವರು ಮಂಚದ ಮೇಲೆ ಕುಳಿತಿದ್ದರು. ಮಂಚದ ಕೆಳಗೆ, ಹಳೆಯ ಕಂಬಳಿಯೊಂದರಲ್ಲಿ ಸುತ್ತಿಟ್ಟ ಹೊಸ ಕ್ರ್ಯಾಂಕ್ ಸೆಟ್ಟು ಇತ್ತು.

ಪೆಡಲ್ಲುಗಳನ್ನು ಹಿಡಿದಿರುವ ಎರಡು ತೋಳುಗಳು, ಅದರಲ್ಲಿ ಒಂದಕ್ಕೆ ಅಂಟಿಕೊಂಡ ಹಲ್ಲಿನ ಚಕ್ರ, ಇಷ್ಟು ಸೇರಿದರೆ ಕ್ರ್ಯಾಂಕ್ ಸೆಟ್ಟು. ಹೆಂಡತಿಯ ಸೈಕಲ್ಲಿಗೆ ಇದ್ದದ್ದು ಒಂದೇ ದೊಡ್ಡ ಚಕ್ರ. ಹೊಸದಕ್ಕೆ ದೊಡ್ಡದು, ನಡುವಿನದು, ಸಣ್ಣದು ಎಂದು ಮೂರು. ಚೈನನ್ನು ಎತ್ತಿ ಸಣ್ಣದರ ಮೇಲೆ ಕೂರಿಸಿದರೆ ಎಂಥ ಏರೂ ತಲೆ ತಗ್ಗಿಸುತ್ತದೆ ಎಂದು ಸೈಕಲ್ ಅಂಗಡಿಯವನು ಹೇಳಿದ್ದ. ಹೆಂಡತಿಗೆ ತಿಳಿಯದಂತೆ ಇದನ್ನು ಜೋಡಿಸಿಟ್ಟು, ಸೋಮವಾರ ಆಕೆ ಹೂವಿನಂತೆ ದಿಬ್ಬ ಏರುವುದನ್ನು ಕಣ್ಣಾರೆ ನೋಡಬೇಕು ಎಂಬುದು ಕೂದಲೆಳೆಯವರ ಆಸೆ. ಆಸೆಯಲ್ಲಿ ಯಾವ ತಪ್ಪೂ ಇರಲಿಲ್ಲ.

"ಬರೀ ಇದನ್ನ ತಗೊಂಡ್ರೆ ಆಗಲ್ಲ ಸಾರ್," ಎಂದಿದ್ದ ಅಂಗಡಿಯವನು. "ಬೀಬೀನೂ ಬದಲಾಯಿಸಬೇಕು."

"ಯಾರ ಬೀಬಿ?"

"ಬಿ.ಬಿ. ಸಾರ್. ಎರಡು ಪೆಡಲ್ ಮಧ್ಯೆ, ತಳದಲ್ಲಿ ಒಂದು ಕೊಳವೆ ಇದೆಯಲ್ಲ, ಅದರೊಳಗಿನ ಆಕ್ಸಲ್ಲು, ಬೇರಿಂಗು, ಎರಡು ಕಡೆ ಮುಚ್ಚಳದ ಹಾಗಿರೋ ತಿರುಪಿನ ಕಪ್ಪು, ಎಲ್ಲಾ ಸೇರಿ ಬಿ.ಬಿ. ಮೂರು ಚಕ್ರದ ಸೆಟ್ಟಿಗೆ ಉದ್ದ ಆಕ್ಸಲ್ ಬೇಕು. ಗಿಡ್ಡ ಆದ್ರೆ ಸಣ್ಣ ಚಕ್ರ ಫ್ರೇಮಿಗೆ ಉಜ್ಜತ್ತೆ. ಉದ್ದ ಜಾಸ್ತಿ ಆದ್ರೆ ಚೈನು ವಾರೆ ಎಳೆಯತ್ತೆ. ಅಳತೆ ತಗೊಂಡು ಬನ್ನಿ."

ಅಳತೆ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಕೂದಲೆಳೆಯವರಿಗೆ ಮೈಯಲ್ಲಿ ವಿದ್ಯುತ್ತು ಹರಿದಂತಾಯಿತು. ಹೆಂಡತಿ ಸ್ನಾನಕ್ಕೆ ಹೋದಾಗ ಇಲಾಖೆಯ ಹಿತ್ತಾಳೆಯ ಮಾಪಕದಿಂದ ಕೊಳವೆಯ ಅಗಲ, ಹಳೆಯ ಆಕ್ಸಲ್ಲಿನ ಉದ್ದ, ಚಕ್ರಕ್ಕೂ ಫ್ರೇಮಿಗೂ ಇರಬೇಕಾದ ಅಂತರ, ಎಲ್ಲವನ್ನೂ ಅಳೆದು, ಕೂಡಿಸಿ, ಕಳೆದು, ಮರಳಿ ಅಂಗಡಿಗೆ ಹೋಗಿ ಒಂದು ಅಂಕಿ ಹೇಳಿದರು. ಅಂಗಡಿಯವನು ಬೆರಗಾದ. ಅಂಕಿ ಕರಾರುವಾಕ್ಕಾಗಿತ್ತು. ಅದೇ ಅಳತೆಯ ಬಿ.ಬಿ.ಯನ್ನು ಪೊಟ್ಟಣ ಕಟ್ಟಿಕೊಟ್ಟ.

"ನಾನೇ ಹಾಕಿಕೊಡ್ಲಾ ಸಾರ್?" ಎಂದ.

ಕೂದಲೆಳೆಯವರು ಅವನನ್ನು ತೂಕ ಕಡಿಮೆಯಿರುವ ಕಲ್ಲನ್ನು ನೋಡುವಂತೆ ನೋಡಿದರು. "ಅಳತೆ ಕೊಟ್ಟವನಿಗೆ ಹಾಕೋದು ಗೊತ್ತಿಲ್ವೇನಯ್ಯ?"

"ಹಾಗಾದ್ರೆ ಸರಿ. ಭಾನುವಾರ ಅಂಗಡಿ ರಜ. ಮನೆಗೆ ಬಂದು ಬಾಗಿಲು ತಟ್ಟಬೇಡಿ."

ಇಡೀ ಅನಾಹುತದ ಮೂಲ ಈ ನಾಲ್ಕು ಮಾತು.

ಭಾನುವಾರ ಅಂಚೆ ಕಚೇರಿಯಲ್ಲಿ ಟಪಾಲು ವಿಂಗಡಿಸುವ ಕೆಲಸವಿತ್ತು. ಸೈಕಲ್ಲಿಗೆ ವಿಶ್ರಾಂತಿ ಇರಲೆಂದು ಹೆಂಡತಿ ನಡೆದೇ ಹೋದಳು. ಗೇಟಿನ ಚಿಲಕ ಬಿದ್ದ ಸದ್ದಾದದ್ದೇ ತಡ, ಕೂದಲೆಳೆಯವರು ಮಂಚದ ಕೆಳಗಿನ ಪೊಟ್ಟಣಗಳನ್ನು ಎಳೆದು ತಂದರು. ಸೈಕಲ್ಲನ್ನು ಅಂಗಳದಲ್ಲಿ ತಲೆಕೆಳಗು ಮಾಡಿ, ಸೀಟು ನೆಲಕ್ಕೂ ಚಕ್ರಗಳು ಆಕಾಶಕ್ಕೂ ಇರುವಂತೆ ನಿಲ್ಲಿಸಿದರು. ಜಗಲಿಯಲ್ಲಿ ಬಟಾಣಿ ಸುಲಿಯುತ್ತಿದ್ದ ಅತ್ತೆ, ಅಂದರೆ ಹೆಂಡತಿಯ ತಾಯಿ, ಕನ್ನಡಕದ ಮೇಲಿನಿಂದ ನೋಡಿದರು.

"ಅಳಿಯಂದಿರೇ, ಅದರ ಹತ್ತಿರ ಸುಳೀಬೇಡಿ ಅಂತ ನನ್ನ ಮಗಳು ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು."

"ಸುಳಿಯೋದು ಬೇರೆ ಅತ್ತೆ, ಸುಧಾರಿಸೋದು ಬೇರೆ."

"ಈ ವ್ಯತ್ಯಾಸಾನ ಸಂಜೆ ಅವಳಿಗೂ ಬಿಡಿಸಿ ಹೇಳಿ. ನಾನು ಆಗ ಒಳಗಿರ್ತೀನಿ."

ಹಳೆಯ ಕ್ರ್ಯಾಂಕುಗಳು ತಕರಾರಿಲ್ಲದೆ ಬಂದವು. ಕೊಳವೆಯ ಎರಡು ಬದಿಯ ಕಪ್ಪುಗಳು ಕಾಣಿಸಿದವು. ಇಲ್ಲಿ ಕೂದಲೆಳೆಯವರಿಗೆ ಸಣ್ಣ ಅನುಮಾನ ಬಂತು. ಅನುಮಾನ ಬಂದಾಗ ಅವರು ವಿಚಾರಿಸುತ್ತಿದ್ದದ್ದು ಭಾವಮೈದನನ್ನು. ಆತ ರೈಲಿನ ಎಂಜಿನ್ ಚಾಲಕ. ತಿರುಗುವ ವಸ್ತುಗಳೆಲ್ಲ ಅವನಿಗೆ ಗೊತ್ತು. ಆದರೆ ಮಾತಿನಲ್ಲಿ ಮಹಾ ಜಿಪುಣ.

"ಭಾವ, ಗಾಡಿ ಹೊರಡೋ ಹೊತ್ತು," ಎಂದ ಆತ ಫೋನಿನಲ್ಲಿ. "ಬರೆದು ಕಳಿಸ್ತೀನಿ. ಆಮೇಲೆ ಸಂಜೆವರೆಗೆ ಫೋನ್ ಬಂದ್."

ಸಂದೇಶ ಬಂತು. ಅದರಲ್ಲಿ ಇದ್ದದ್ದು ಇಷ್ಟೇ:

"ಕಪ್ ಬಿಚ್ಚಲು: ಬಲಗಡೆ ಬಲ. ಎಡಗಡೆ ಎಡ. ಮರೀಬೇಡಿ."

ಕೂದಲೆಳೆಯವರು ಅದನ್ನು ಗಟ್ಟಿಯಾಗಿ ಓದಿದರು. ಅತ್ತೆಯ ಮುಖ ಅರಳಿತು.

"ನನ್ನ ಮಗ ಆಡೋದು ಕಡಿಮೆ. ಆಡಿದ್ರೆ ಒಂದೊಂದು ಮಾತೂ ತೂಕ."

"ಅರ್ಥ ಸ್ಪಷ್ಟವಾಗಿದೆ ಅತ್ತೆ. ಎಡಗಡೆದಕ್ಕೆ ಎಡಗೈ ಸಾಕು. ಬಲಗಡೆದಕ್ಕೆ ಬಲ ಬೇಕು. ಶಕ್ತಿ!"

ಮರುಕ್ಷಣವೇ ಅದನ್ನು ಪರೀಕ್ಷೆಗೊಡ್ಡಿದರು. ಎಡಗಡೆಯ ಕಪ್ಪಿಗೆ ಸ್ಪ್ಯಾನರು ಹಚ್ಚಿ, ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಎಡಗೈಯಿಂದ ಎಡಕ್ಕೆ ತಿರುಗಿಸಿದರು. ಎಡಕ್ಕೆ ತಿರುಗಿಸಿದರೆ ಬಿಚ್ಚುವುದು, ಬಲಕ್ಕೆ ತಿರುಗಿಸಿದರೆ ಬಿಗಿಯುವುದು. ಡಬ್ಬಿಯ ಮುಚ್ಚಳದಿಂದ ನಲ್ಲಿಯ ತಿರುಪಿನವರೆಗೆ ಲೋಕದ ನಿಯಮವೇ ಅದಾದ್ದರಿಂದ ಈ ವಿಷಯದಲ್ಲಿ ಅವರು ಯಾರನ್ನೂ ಕೇಳುವ ಅಗತ್ಯ ಕಾಣಲಿಲ್ಲ. ಕಪ್ಪು ಬೆಣ್ಣೆಯಂತೆ ಬಂತು. ಸೂತ್ರದ ಅರ್ಧ ಭಾಗ ಸಾಧಿತವಾಯಿತು. ಅರ್ಧ ನಿಜವಾದ ಮೇಲೆ ಉಳಿದ ಅರ್ಧವನ್ನು ಅನುಮಾನಿಸುವವರು ಯಾರು?

ಬಲಗಡೆಯ ಕಪ್ಪಿಗೆ ಸ್ಪ್ಯಾನರು ಹಚ್ಚಿ, ಅದೇ ನಿಯಮದಂತೆ ಎಡಕ್ಕೆ ತಿರುಗಿಸಿದರು. ಜಪ್ಪಯ್ಯ ಎಂದರೂ ಅಲುಗಲಿಲ್ಲ. ಎರಡು ಕೈ ಹಾಕಿದರು. ಕಾಲು ಕೊಟ್ಟು ಒದ್ದರು. ಸ್ಪ್ಯಾನರಿನ ಮೇಲೆ ಹತ್ತಿ ನಿಂತರು. ಅವರ ನೆತ್ತಿ ಕೆಂಪಗೆ ಹೊಳೆಯಿತು, ಕಪ್ಪು ಮಾತ್ರ ಜಗ್ಗಲಿಲ್ಲ.

"ಬಲಗಡೆಗೆ ಬಲ ಅಂತ ಬರೆದಿದ್ದಾನಲ್ಲ," ಎಂದು ಅತ್ತೆ ನೆನಪಿಸಿದರು. "ನಿಮ್ಮದು ಸಾಲದು ಅಂತ ಅವನಿಗೆ ಮೊದಲೇ ಗೊತ್ತಿರಬೇಕು."

ಈ ಹೊತ್ತಿಗೆ ಎದುರು ಮನೆಯ ಕವಾಯತು ಮೇಷ್ಟ್ರು ಗೇಟಿನ ಮೇಲೆ ಮೊಣಕೈ ಊರಿ ನಿಂತಿದ್ದರು. ಪೊಲೀಸರಿಗೆ ಕವಾಯತು ಹೇಳಿಕೊಟ್ಟು ನಿವೃತ್ತರಾದವರು. ಎಡ ಮತ್ತು ಬಲ ಎಂಬ ಎರಡು ಶಬ್ದಗಳ ಮೇಲೆ ಅವರಿಗೆ ಜೀವಮಾನದ ಅಧಿಕಾರವಿತ್ತು.

"ಏನ್ ಸ್ವಾಮಿ, ಎಡ-ಬಲದ ಸಮಸ್ಯೆನಾ? ನನ್ನನ್ನ ಕರೀಬಾರ್ದಿತ್ತಾ?" ಎನ್ನುತ್ತ ಒಳಗೆ ಬಂದು, ಸಂದೇಶವನ್ನು ಓದಿ, ಸೈಕಲ್ಲನ್ನು ಸುತ್ತು ಹಾಕಿದರು. "ಮೊದಲನೇ ಪ್ರಶ್ನೆ. ಸೈಕಲ್ಲು ತಲೆಕೆಳಗಾಗಿದೆ. ಈಗ ಇದರ ಬಲಗಡೆ ಯಾವುದು?"

ಕೂದಲೆಳೆಯವರು ಬೆವರಿದರು. ಈ ಪ್ರಶ್ನೆ ಅವರಿಗೆ ಹೊಳೆದಿರಲಿಲ್ಲ. "ಚೈನು ಇರೋ ಕಡೆ ಬಲ."

"ಅದು ನೆಟ್ಟಗಿದ್ದಾಗ. ಈಗ ಮೇಲಿರೋದು ಕೆಳಗೆ ಬಂದಿದೆ. ಹಾಗಾದ್ರೆ ಬಲದಲ್ಲಿರೋದು ಎಡಕ್ಕೆ ಬರಬೇಕು."

"ಬರಬೇಕಾ?"

"ಶಿಸ್ತಿನ ಪ್ರಕಾರ ಬರಬೇಕು."

"ಮೇಷ್ಟ್ರೇ," ಎಂದು ಜಗಲಿಯಿಂದ ಅತ್ತೆಯ ದನಿ ಕೇಳಿತು, "ನೀವು ನಾಳೆ ಶೀರ್ಷಾಸನ ಹಾಕಿದ್ರೆ ಯಾವ ಕೈಯಲ್ಲಿ ಊಟ ಮಾಡ್ತೀರಿ?"

ಮೇಷ್ಟ್ರು ಸ್ವಲ್ಪ ಹೊತ್ತು ತಮ್ಮ ಕೈಗಳನ್ನು ನೋಡಿಕೊಂಡರು. ಚೈನು ಇರುವ ಕಡೆಯೇ ಬಲ ಎಂದು ತೀರ್ಮಾನವಾಯಿತು.

ಇನ್ನು ಬಲ ಹೊಂದಿಸುವುದು. ಮೇಷ್ಟ್ರು ಬೀದಿಗೆ ನಿಂತು ಕೂಗಿದ ಕೂಗಿಗೆ ಮೂಲೆಮನೆಯ ಬೀರು ಬಂದ. ಮನೆ ಬದಲಾಯಿಸುವವರ ಸಾಮಾನು ಹೊರುವುದು ಅವನ ವೃತ್ತಿ. ಉಕ್ಕಿನ ಬೀರುಗಳನ್ನು ಒಬ್ಬನೇ ಬೆನ್ನ ಮೇಲೆ ಹೊತ್ತು ಹೊತ್ತು ಅವನಿಗೂ ಅದೇ ಹೆಸರು, ಅದೇ ಆಕಾರ. ಅವನು ಸ್ಪ್ಯಾನರಿಗೆ ಕೈ ಹಾಕಿ ಒಮ್ಮೆ ಹೂಂಕರಿಸಿದ. ಕಪ್ಪು ಅಲುಗಲಿಲ್ಲ, ಸೈಕಲ್ಲೇ ಎದ್ದು ಅವನ ಹೆಗಲೇರಿತು.

"ಇದು ಕಪ್ಪಲ್ಲ ಸಾರ್, ಕರ್ಮ," ಎಂದ ಬೀರು, ಸೈಕಲ್ಲಿನೊಳಗಿನಿಂದ.

ಸೈಕಲ್ಲನ್ನು ಬಿಡಿಸಿ, ಅಂಗಳದ ಕಲ್ಲುಕಂಬಕ್ಕೆ ಹಗ್ಗದಿಂದ ಬಿಗಿದರು. ಕೂದಲೆಳೆಯವರು ಈಗ ಗಣಿತಕ್ಕೆ ಇಳಿದರು. "ಸ್ಪ್ಯಾನರು ಒಂದು ಗೇಣು. ಬೀರು, ನಿನ್ನ ಹತ್ರ ಇರೋ ನೀರಿನ ಪೈಪು ಎಂಟು ಗೇಣು. ಅದನ್ನ ಸ್ಪ್ಯಾನರಿಗೆ ತೂರಿಸಿದ್ರೆ ನಾನೊಬ್ಬನೇ ಎಂಟು ಜನಕ್ಕೆ ಸಮ."

"ಎಂಟು ಜನಾನೂ ನಿಮ್ಮ ಥರಾನೇ ಇದ್ರೆ ಏನು ಪ್ರಯೋಜನ ಸ್ವಾಮಿ?" ಎಂದರು ಮೇಷ್ಟ್ರು. "ಹಗ್ಗ ತನ್ನಿ. ಜನ ಕರೆಯೋಣ."

ಪೈಪು ಬಂತು, ಸ್ಪ್ಯಾನರಿನ ಹಿಡಿಗೆ ತೂರಿಸಿ ನೆಟ್ಟಗೆ ನಿಲ್ಲಿಸಿದರು. ಅದರ ತುದಿಗೆ ಉದ್ದನೆಯ ಹಗ್ಗ ಕಟ್ಟಿದರು. ಎಡಕ್ಕೆ ತಿರುಗಬೇಕಾದರೆ ಪೈಪಿನ ತುದಿ ಗೇಟಿನ ಕಡೆಗೆ ಬಾಗಬೇಕು. ಆದ್ದರಿಂದ ಹಗ್ಗವನ್ನು ಗೇಟಿನ ಕಡೆಗೆ ಎಳೆಯುವುದೆಂದು ನಿಶ್ಚಯವಾಯಿತು. ಇಸ್ತ್ರಿ ಅಂಗಡಿಯವನು ಬಂದ. ಹಾಲು ಹಾಕುವವಳು ಬಂದಳು. ಹೊಸದಾಗಿ ಮದುವೆಯಾದ ಪಕ್ಕದ ಬಾಡಿಗೆಮನೆಯವನು, ಹೆಂಡತಿ ಕಿಟಕಿಯಿಂದ ನೋಡುತ್ತಿದ್ದಾಳೆಂದು ತೋಳು ಮಡಚಿಕೊಂಡು ಎಲ್ಲರಿಗಿಂತ ಮುಂದೆ ಬಂದು ನಿಂತ. ಎಲ್ಲರೂ ಸೈಕಲ್ಲಿಗೆ ಬೆನ್ನು ಹಾಕಿ, ಗೇಟಿಗೆ ಮುಖ ಮಾಡಿ, ಹಗ್ಗವನ್ನು ಹೆಗಲಿಗೇರಿಸಿದರು.

"ಯಾತಕ್ಕೆ ಎಳೀತಿರೋದು?" ಎಂದಳು ಹಾಲಿನವಳು.

"ದಿಬ್ಬದ ಹುದ್ದೆಗಮ್ಮ," ಎಂದರು ಕೂದಲೆಳೆಯವರು. "ಇದು ಬಿಚ್ಚದೇ ಹೋದ್ರೆ ನಾಳೆ ನನ್ನ ಹೆಂಡತಿ ಏನನ್ನ ಹತ್ತಿಕೊಂಡು ದಿಬ್ಬ ಹತ್ತಬೇಕು?"

"ಅಯ್ಯೋ, ಹಾಗಾದ್ರೆ ಎಳೀರಿ!"

ಮೇಷ್ಟ್ರು ಜಗಲಿಯ ಮೆಟ್ಟಿಲೇರಿ ಎದೆ ಸೆಟೆಸಿದರು. "ದಳ! ಸಾವಧಾನ್! ಎಡ ಅಂದ್ರೆ ಉಸಿರು ತಗೊಳ್ಳಿ! ಬಲ ಅಂದ್ರೆ ಎಳೀರಿ! ಎಡ! ಬಲ! ಎಡ! ಬಲ!"

ಕಿರ್ರ್ ಎಂದು ಒಂದು ಸದ್ದು ಬಂತು.

"ಬಂತು! ಬಂತು!" ಎಂದು ಬೀದಿಯೇ ಕೂಗಿತು. ಕೂದಲೆಳೆಯವರು ಓಡಿಬಂದು, ಕಪ್ಪಿನ ಅಂಚಿನಲ್ಲೂ ಕೊಳವೆಯ ಅಂಚಿನಲ್ಲೂ ಎಳೆದಿದ್ದ ಸೀಮೆಸುಣ್ಣದ ಗೆರೆಗಳಿಗೆ ಹಿತ್ತಾಳೆಯ ಮಾಪಕ ಹಿಡಿದರು. ಒಂದು ಕಣ್ಣು ಮುಚ್ಚಿದರು.

"ಕೂದಲೆಳೆಯಷ್ಟು ಸರಿದಿದೆ!"

ಚಪ್ಪಾಳೆ ಬಿತ್ತು. ಬೀರು ಇಸ್ತ್ರಿಯವನನ್ನು ತಬ್ಬಿಕೊಂಡ. ಇಸ್ತ್ರಿಯವನ ಅಂಗಿ ಆಮೇಲೆ ಯಾವ ಇಸ್ತ್ರಿಗೂ ಸರಿಹೋಗಲಿಲ್ಲ.

ಅಳತೆ ನಿಜವಾಗಿತ್ತು. ಕಪ್ಪು ಕೂದಲೆಳೆಯಷ್ಟು ಸರಿದದ್ದು ಹೌದು. ಸರಿದದ್ದು ಒಳಕ್ಕೆ. ಸೈಕಲ್ ಮಾಡುವವರು, ಯಾವ ಕಾರಣಕ್ಕೋ, ಬಲಗಡೆಯ ಕಪ್ಪಿಗೆ ಲೋಕದ ನಿಯಮವನ್ನು ತಿರುವಿಹಾಕಿದ್ದಾರೆ: ಅದನ್ನು ಎಡಕ್ಕೆ ತಿರುಗಿಸಿದಷ್ಟೂ ಬಿಗಿಯುತ್ತದೆ. ಇಡೀ ಬೀದಿಯ ಒಗ್ಗಟ್ಟು, ಕವಾಯತಿನ ಶಿಸ್ತು, ಎಂಟು ಗೇಣಿನ ಗಣಿತ, ಇವೆಲ್ಲ ಸೇರಿ ಅದನ್ನು ಈಗ ಯಾವ ಕಾರ್ಖಾನೆಯೂ ಬಿಗಿಯದಷ್ಟು ಬಿಗಿದಿದ್ದವು.

ಚಹಾ ಕುಡಿದು ಮತ್ತೆ ಎಳೆದರು. ಊಟ ಮುಗಿಸಿ ಬಂದು ಎಳೆದರು.

"ಮತ್ತೆ ಅರ್ಧ ಎಳೆ!" ಎಂದು ಕೂದಲೆಳೆಯವರು ಘೋಷಿಸಿದರು. ಆಮೇಲೆ, "ಕಾಲು ಎಳೆ." ಆಮೇಲೆ, ಸ್ವಲ್ಪ ಸಣ್ಣ ದನಿಯಲ್ಲಿ, "ಕಾಲು ಭಾಗದಲ್ಲಿ ಕಾಲು."

"ಪ್ರತಿ ಸಲ ಕಡಿಮೆ ಆಗ್ತಾ ಹೋಗ್ತಿದೆಯಲ್ಲ ಸಾರ್?" ಎಂದ ಬಾಡಿಗೆಮನೆಯವನು.

"ಬಿಡೋ ಮುಂಚೆ ಹಾಗೇನೇ ಹಟ ಮಾಡೋದು," ಎಂದರು ಮೇಷ್ಟ್ರು.

"ಹೊರಗೆ ಬರ್ತಿರೋದು ಹೊರಗೆ ಕಾಣಬೇಕಲ್ಲ?" ಎಂದರು ಅತ್ತೆ, ಖಾಲಿ ಬಟಾಣಿ ಸಿಪ್ಪೆ ಜಾಡಿಸುತ್ತ. "ನನ್ನ ಕಣ್ಣಿಗೆ ಅದು ಚಿಪ್ಪಿನೊಳಗೆ ಹೋಗೋ ಆಮೆ ತಲೆ ಹಾಗೆ ಕಾಣತ್ತೆ."

ಆ ಮಾತಿಗೆ ಯಾರೂ ಕಿವಿಗೊಡಲಿಲ್ಲ. ಬಿಸಿಲು ಇಳಿಯುತ್ತ ಬಂದಿತ್ತು. ಕೂದಲೆಳೆಯವರ ಎದೆಯೊಳಗೆ ನಿಜವಾದ ಭಯ ಹೊಕ್ಕಿತು. ಹೆಂಡತಿ ಮಳೆ ಬಿಸಿಲೆನ್ನದೆ ವರ್ಷಗಟ್ಟಲೆ ಪರರ ಪತ್ರಗಳನ್ನು ಹಂಚಿದವಳು. ತನ್ನ ಹೆಸರಿಗೆ ಒಂದು ಆದೇಶ ಪತ್ರ ಬರಲೆಂದು ಕಾದವಳು. ಅದಕ್ಕೆ ಅಡ್ಡವಾಗಿ ಕುಳಿತಿರುವುದು ಈಗ ಈ ಒಂದು ಕಪ್ಪು, ಮತ್ತು ಅದರ ಎದುರು ಕುಳಿತ ತಾನು.

"ಇನ್ನೊಂದೇ ಒಂದು ಸಲ, ಮೇಷ್ಟ್ರೇ," ಎಂದರು. "ಪೂರ್ತಿ ಬಲ."

"ದಳ!" ಎಂದು ಮೇಷ್ಟ್ರು ಗುಡುಗಿದರು. "ಎಡ! ಬ..."

ಗೇಟಿನ ಚಿಲಕ ಸದ್ದಾಯಿತು. ಅಂಚೆಯ ಚೀಲ ಹೆಗಲಿಗೆ ಹಾಕಿಕೊಂಡು ಹೆಂಡತಿ ಬಂದು ನಿಂತಿದ್ದಳು. ಆಕೆಯ ಎದುರು, ಆಕೆಗೇ ಮುಖ ಮಾಡಿ, ಹೆಗಲ ಮೇಲೆ ಹಗ್ಗ ಹೊತ್ತ ಅರ್ಧ ಬೀದಿ. ಅದರ ಹಿಂದೆ ಕಂಬಕ್ಕೆ ಕಟ್ಟಿಹಾಕಿದ ಕಳ್ಳನಂತೆ ಆಕೆಯ ಸೈಕಲ್ಲು.

ಆಕೆ ಕೂಗಾಡಲಿಲ್ಲ. ಒಂದೇ ಒಂದು ಮಾತು ಕೇಳಿದಳು, ಬಹಳ ಮೆಲ್ಲಗೆ. "ಅದು ನನ್ನ ಸೈಕಲ್ಲಾ?"

ಗಲಭೆಗಳಿಗೆ ಎದೆಯೊಡ್ಡಿ ನಿಂತವರೆಂದು ಹೆಸರಾದ ಮೇಷ್ಟ್ರಿಗೆ ಆ ಮೆಲುದನಿಯನ್ನು ಎದುರಿಸುವ ತರಬೇತಿ ಇರಲಿಲ್ಲ. "ದಳ! ಹಿಂದೆ... ತಿರುಗ್! ಹಿತ್ತಲ ಕಡೆಗೆ... ಓಟ!"

ದಳ ಕಾಲಿಗೆ ಬುದ್ಧಿ ಹೇಳಿತು. ದಿನವಿಡೀ ಶಿಸ್ತು ಕಲಿತಿದ್ದ ಜನ. ಹಗ್ಗ ಬಿಡಿ ಎಂಬ ಆಜ್ಞೆ ಬಾರದ್ದರಿಂದ ಯಾರೂ ಹಗ್ಗ ಬಿಡಲಿಲ್ಲ. ಬೀರು ಎಲ್ಲರಿಗಿಂತ ಮುಂದೆ. ಸೈಕಲ್ಲನ್ನು ದಾಟಿ ಹಿತ್ತಲಿನ ಕಡೆಗೆ ಧಾವಿಸಿದಂತೆ ಹಗ್ಗ ಮೊದಲು ಸಡಿಲವಾಯಿತು, ಆಮೇಲೆ ಆಚೆ ಕಡೆಯಿಂದ ಬಿಗಿಯಾಯಿತು. ಗೇಟಿನ ಕಡೆಗೆ ಬಾಗಿದ್ದ ಪೈಪು ರಪ್ಪನೆ ಹಿತ್ತಲಿನ ಕಡೆಗೆ ಬೀಸಿತು.

ಟಕ್!

ದಳದವರು ಒಬ್ಬರ ಮೇಲೊಬ್ಬರು ಬಿದ್ದರು. ಧೂಳು ಇಳಿದ ಮೇಲೆ ನೋಡಿದರೆ ಸ್ಪ್ಯಾನರು ನೆಲದ ಮೇಲೆ, ಕಪ್ಪು ಕೊಳವೆಯ ಬಾಯಲ್ಲಿ ಸಡಿಲ. ಕೂದಲೆಳೆಯವರು ಬೆರಳಿನಿಂದ ಮುಟ್ಟಿದರು. ಅದು ಸಲೀಸಾಗಿ ತಿರುಗುತ್ತ ಕೈಗೆ ಬಂತು. ಮಾಪಕದ ಅಗತ್ಯ ಬೀಳಲಿಲ್ಲ.

"ನೋಡಿದ್ಯಾ?" ಎಂದರು ಹೆಂಡತಿಗೆ, ಹಲ್ಲು ಕಿರಿಯುತ್ತ. "ಬಲಗಡೆಗೆ ಬಲ!"

"ಏನದು?"

ಸಂದೇಶವನ್ನು ತೋರಿಸಿದರು. ಅದರ ಭಾಷ್ಯವನ್ನೂ ಹೇಳಿದರು: ಎಡಗಡೆಗೆ ಎಡಗೈ, ಬಲಗಡೆಗೆ ಶಕ್ತಿ. ಹೆಂಡತಿ ಓದಿದಳು. ಓದಿ, ಬಿದ್ದಿದ್ದ ದಳವನ್ನು ನೋಡಿದಳು. ಮತ್ತೆ ಓದಿದಳು.

"ಇದರಲ್ಲಿ ಶಕ್ತಿ ಎಲ್ಲಿಂದ ಬಂತು ರೀ? ದಾರಿ ಹೇಳಿದ್ದಾನೆ ಅವನು. ಬಲಗಡೆದನ್ನ ಬಲಕ್ಕೆ ತಿರುಗಿಸಿ, ಎಡಗಡೆದನ್ನ ಎಡಕ್ಕೆ ತಿರುಗಿಸಿ. ದಿನಾ ನಾನು ಇಂಥದ್ದೇ ಕೇಳ್ಕೊಂಡು ಮನೆ ಹುಡುಕೋದು. ಬಲಗಡೆ ಸಂದೀಲಿ ಬಲಕ್ಕೆ ಅಂದ್ರೆ ಗೋಡೆ ಒಡ್ಕೊಂಡು ನುಗ್ತೀನಾ?"

ಕೂದಲೆಳೆಯವರು ಫೋನನ್ನು ಕಣ್ಣಿನ ಹತ್ತಿರ ಹಿಡಿದು ಮತ್ತೊಮ್ಮೆ ಓದಿದರು.

"ಅಂದ್ರೆ," ಎಂದ ಬೀರು, ಹಾಲಿನವಳ ಕ್ಯಾನಿನಿಂದ ಕಾಲು ಬಿಡಿಸಿಕೊಳ್ಳುತ್ತ, "ಬೆಳಿಗ್ಗೆಯಿಂದ ನಾವು..."

"ಬಿಗಿ ಮಾಡ್ತಿದ್ರಿ."

"ಒಗ್ಗಟ್ಟು ಮಾತ್ರ ಚೆನ್ನಾಗಿತ್ತಮ್ಮ," ಎಂದು ಮೇಷ್ಟ್ರು ಗೇಟಿನತ್ತ ಜಾರಿದರು.

ಹೆಂಡತಿ ಚೀಲವನ್ನು ಇಳಿಸಿ, ಜಗಲಿಯ ಅಂಚಿನಲ್ಲಿ ಕುಳಿತಳು. ಆಕೆಯ ದನಿಯಲ್ಲಿ ಕೋಪಕ್ಕಿಂತ ದಣಿವು ಹೆಚ್ಚಾಗಿತ್ತು. "ಕೊಕ್ಕರೆ ಮೊನ್ನೆಯಿಂದ ದಿಬ್ಬ ಹತ್ತಿ ಅಭ್ಯಾಸ ಮಾಡ್ತಿದ್ದಾನೆ. ನನ್ನ ಸೈಕಲ್ಲು ಇಲ್ಲಿ ಚೂರು ಚೂರಾಗಿ ಬಿದ್ದಿದೆ. ಜೋಡಿಸಿ. ನನ್ನ ಕಣ್ಣೆದುರಿಗೆ."

ಕೂದಲೆಳೆಯವರು ಹೊಸ ಬಿ.ಬಿ.ಯನ್ನು ಕೊಳವೆಗೆ ಇಟ್ಟರು. ಹೆಂಡತಿ ಕುಳಿತಲ್ಲಿಂದಲೇ ವಿಳಾಸ ಹೇಳಿದಳು. "ಬಿಚ್ಚೋದಕ್ಕೆ ಬಲ ಆದ್ರೆ ಹಾಕೋದಕ್ಕೆ ಎಡ. ಬಲಗಡೆ ಕಪ್ಪು, ಎಡಕ್ಕೆ ತಿರುಗಿಸಿ. ಹಾಂ. ಕೈಯಲ್ಲೇ ಹೋಗಬೇಕು. ತಿರುಪು ಕಚ್ಚಿದ್ರೆ ನಿಲ್ಲಿಸಿ. ಬೀರು, ನೀನು ದೂರ ನಿಲ್ಲಪ್ಪ." ಬಲಗಡೆ ಎಡಕ್ಕೆ, ಎಡಗಡೆ ಬಲಕ್ಕೆ, ಎರಡು ಕಪ್ಪುಗಳೂ ಕೂತವು. ಹೊಸ ಕ್ರ್ಯಾಂಕುಗಳನ್ನು ಆಕ್ಸಲ್ಲಿನ ಎರಡು ತುದಿಗೆ ತೊಡಿಸಿ ಬೋಲ್ಟು ಬಿಗಿದರು. ಸಣ್ಣ ಚಕ್ರಕ್ಕೂ ಫ್ರೇಮಿಗೂ ನಡುವೆ ಮಾಪಕ ತೂರಿಸಿ, ಒಂದು ಕಣ್ಣು ಮುಚ್ಚಿ ನೋಡಿದರು. ಅಂತರ ಲೆಕ್ಕ ಹಾಕಿದಷ್ಟೇ ಇತ್ತು, ಸ್ವಲ್ಪವೂ ಹೆಚ್ಚುಕಡಿಮೆ ಇಲ್ಲ. ಎದೆಯುಬ್ಬಿಸಿ ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿ ಹಿಂದೆ ಸರಿದರು.

ಅತ್ತೆ ಕನ್ನಡಕ ಒರೆಸಿಕೊಂಡು ಹತ್ತಿರ ಬಂದರು.

"ಅಳಿಯಂದಿರೇ, ಎರಡು ಪೆಡಲ್ಲೂ ಯಾಕೆ ಒಂದೇ ಕಡೆ ಜೋತಾಡ್ತಿವೆ?"

ಹೌದು. ಒಂದು ಪೆಡಲ್ಲು ಮೇಲೆ, ಒಂದು ಕೆಳಗೆ ಇರಬೇಕಾದ ಜಾಗದಲ್ಲಿ ಎರಡೂ ಅಕ್ಕಪಕ್ಕ, ಬೈಸಿಕೊಂಡ ಇಬ್ಬರು ಹುಡುಗರಂತೆ ತಲೆ ತಗ್ಗಿಸಿದ್ದವು. ಅಂತರ ಅಳೆದವರು ದಿಕ್ಕು ನೋಡಿರಲಿಲ್ಲ.

"ಇದು ಸೈಕಲ್ಲಲ್ಲ, ಕಪ್ಪೆ," ಎಂದರು ಅತ್ತೆ. "ಎರಡು ಕಾಲೂ ಒಟ್ಟಿಗೆ ಹಾರಿಸಿಕೊಂಡು ಹೋಗಬೇಕು ನನ್ನ ಮಗಳು."

ಹೆಂಡತಿ ಮೊದಲು ತುಟಿ ಕಚ್ಚಿ ಹಿಡಿದಳು. ಆಮೇಲೆ ಮುಖಕ್ಕೆ ಸೆರಗು ಅಡ್ಡ ಹಿಡಿದಳು. ಅದೂ ಸಾಲದೆ, ಜಗಲಿಯ ಕಂಬಕ್ಕೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಕೆ ನಕ್ಕದ್ದರಿಂದ ಬೀರು ನಕ್ಕ. ಬೀರು ನಕ್ಕದ್ದರಿಂದ ಜಗಲಿಯ ಹೆಂಚು ಅದುರಿತು. ಕೂದಲೆಳೆಯವರು ಒಂದು ಕ್ರ್ಯಾಂಕನ್ನು ಬಿಚ್ಚಿ, ಅರ್ಧ ಸುತ್ತು ತಿರುಗಿಸಿ, ಮತ್ತೆ ಹಾಕಿದರು. ಹೆಂಡತಿ ಅಂಗಳದಲ್ಲಿ ಒಂದು ಸುತ್ತು ತುಳಿದು ಬಂದು, ಚೈನನ್ನು ತಾನೇ ಎತ್ತಿ ಸಣ್ಣ ಚಕ್ರದ ಮೇಲೆ ಕೂರಿಸಿದಳು.

ಸೋಮವಾರ ಬೆಳಿಗ್ಗೆ ದಿಬ್ಬದ ಬುಡದಲ್ಲಿ ಬೀದಿಯ ಜನವೆಲ್ಲ ಸೇರಿತು. ಮೇಲ್ವಿಚಾರಕರು ಸ್ಥೂಲಕಾಯರು, ನಿಯಮದ ಪ್ರಕಾರ ಅಭ್ಯರ್ಥಿಗಳ ಪಕ್ಕದಲ್ಲೇ ಇದ್ದು ಕಾಲು ನೋಡಬೇಕಾದ್ದರಿಂದ ನಡೆದೇ ಹೊರಟರು. ಕೊಕ್ಕರೆ ಬಾಣದಂತೆ ಚಿಮ್ಮಿದ. ಒಂದೊಂದು ತುಳಿತಕ್ಕೆ ಒಂದೊಂದು ಮನೆ ದಾಟಿದ. ಇತ್ತ ಹೆಂಡತಿಯ ಕಾಲುಗಳು ಹೊಲಿಗೆ ಯಂತ್ರದ ಸೂಜಿಯಂತೆ ಓಡುತ್ತಿದ್ದವು, ಸೈಕಲ್ಲು ಮಾತ್ರ ಬಸವನ ಹುಳುವಿನಂತೆ ತೆವಳುತ್ತಿತ್ತು. ಪಕ್ಕದಲ್ಲಿ ನಡೆಯುತ್ತಿದ್ದ ಹಾಲಿನವಳು ಎರಡು ಸಲ ಆಕೆಯನ್ನು ಹಿಂದೆ ಹಾಕಿ, ನಾಚಿಕೊಂಡು ನಿಂತು ಕಾದಳು.

"ಯಾಕ್ರೀ ಇದು ಮುಂದೇನೇ ಹೋಗ್ತಿಲ್ಲ?" ಎಂದು ಬಾಡಿಗೆಮನೆಯವನು ಕೂದಲೆಳೆಯವರ ಕಿವಿಯಲ್ಲಿ ಕೇಳಿದ.

"ಹೋಗ್ತಿದೆ," ಎಂದರು ಅವರು, ಸ್ಪ್ಯಾನರನ್ನು ಎದೆಗವಚಿಕೊಂಡು.

ಏರು ಕಡಿದಾದಲ್ಲಿ ಬಾಣ ಬಾಗಿತು. ಕೊಕ್ಕರೆ ಎದ್ದು ನಿಂತು ತುಳಿದ, ಅತ್ತ ವಾಲಿದ, ಇತ್ತ ವಾಲಿದ, ಆಕಾಶ ನೋಡಿದ, ಕೊನೆಗೆ ಆ ಉದ್ದನೆಯ ಕಾಲನ್ನು ನೆಲಕ್ಕೆ ಊರಿಯೇಬಿಟ್ಟ. ಅವನ ಪಕ್ಕದಿಂದ ಹೊಲಿಗೆ ಯಂತ್ರ, ಒಂದೇ ಸಮನೆ, ಒಂದಿಷ್ಟೂ ಕಿರುಗುಟ್ಟದೆ, ತೆವಳುತ್ತ ತೆವಳುತ್ತ ಮೇಲೆ ಹೋಯಿತು. ತುದಿ ಮುಟ್ಟಿದ ಮೇಲೆಯೇ ಆಕೆಯ ಕಾಲು ನೆಲ ಕಂಡದ್ದು. ಬೀದಿ ಕೇಕೆ ಹಾಕಿತು. ಮೇಷ್ಟ್ರು ಯಾರಿಗೂ ಅಲ್ಲದೆ ಸೆಲ್ಯೂಟು ಹೊಡೆದರು.

ಮೇಲ್ವಿಚಾರಕರು ಕೊನೆಯವರಾಗಿ ಬಂದು, ಉಸಿರು ಸಿಗುವವರೆಗೆ ಕಾದು, "ಖಾಯಂ," ಎಂದರು. ಆಮೇಲೆ ಬಾಗಿ ಸೈಕಲ್ಲಿನ ಪೆಡಲ್ಲನ್ನು ಹಿಮ್ಮುಖವಾಗಿ ತಿರುಗಿಸಿ ಕಿವಿಗೊಟ್ಟರು. "ಏನಮ್ಮ ಇದು, ಸದ್ದೇ ಇಲ್ಲ! ಯಾರು ಹಾಕಿದ್ದು ಇದನ್ನ?"

ಕೂದಲೆಳೆಯವರ ಎದೆ ಎರಡು ಅಂಗುಲ ಮುಂದೆ ಬಂತು.

"ಒಳ್ಳೇ ಕೈ," ಎಂದು ಮೇಲ್ವಿಚಾರಕರು ಮುಂದುವರಿಸಿದರು. "ನಮ್ಮ ಕಚೇರಿ ಸೈಕಲ್ಲುಗಳೆಲ್ಲ ಕಿರ್ರೋ ಅಂತ ಊರು ಎಬ್ಬಿಸ್ತಿವೆ. ಈ ಮಹಾನುಭಾವ ಸಿಕ್ಕಿದ್ರೆ ಅಷ್ಟನ್ನೂ ಅವನಿಗೇ ಒಪ್ಪಿಸಿಬಿಡ್ತೀನಿ."

ಎದೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. "ಅದು... ಅಂಗಡೀಲಿ ಹಾಕಿಸಿದ್ದು ಸಾರ್," ಎಂದರು ಕೂದಲೆಳೆಯವರು, ಸ್ಪ್ಯಾನರನ್ನು ಬೆನ್ನ ಹಿಂದೆ ಮರೆಮಾಡುತ್ತ. "ದೂರದ ಅಂಗಡಿ. ಮುಚ್ಚಿಹೋಗಿದೆ ಅಂತ ಕೇಳಿದೆ."

ಹೆಂಡತಿ ಬೆವರು ಒರೆಸಿಕೊಂಡು ಗಂಡನನ್ನು ನೋಡಿದಳು. ಭಾನುವಾರದ ಹಗ್ಗ, ಪೈಪು, ಕಂಬ, ಕಪ್ಪೆ, ಎಲ್ಲವೂ ಆ ನೋಟದಲ್ಲಿ ಒಂದೊಂದಾಗಿ ಹಾದುಹೋದವು. ಆಮೇಲೆ ಆಕೆಯ ಮುಖದಲ್ಲಿ ಜೇನಿನಂಥ ನಗು ಮೂಡಿತು.

"ಸಂಕೋಚ ಸಾರ್ ಇವರಿಗೆ, ಅದಕ್ಕೇ ಸುಳ್ಳು ಹೇಳ್ತಾರೆ. ಇವರೇ ಹಾಕಿದ್ದು, ಒಬ್ಬರೇ ಕೂತು. ಇಂಥ ಕೆಲಸ ಅಂದ್ರೆ ಊಟ ತಿಂಡಿ ಬೇಡ. ಭಾನುವಾರ ಪೂರ್ತಿ ಬಿಡುವಾಗಿಯೂ ಇರ್ತಾರೆ."

ಹಾಗೆಂದವಳೇ ಚೀಲವನ್ನು ಸರಿಪಡಿಸಿಕೊಂಡು, ಸೈಕಲ್ಲು ಏರಿ, ತನ್ನ ಬಡಾವಣೆಯ ಮೊದಲ ಮನೆಯ ಕಡೆಗೆ ಹೊರಟಳು. ಕೂದಲೆಳೆಯವರು ಹಿಂಬಾಲಿಸಲು ನೋಡಿದರು. ಮೇಲ್ವಿಚಾರಕರು ಆಗಲೇ ಅವರ ಎರಡು ಕೈಗಳನ್ನೂ ತಮ್ಮ ಕೈಯೊಳಗೆ ಹಿಡಿದುಕೊಂಡಾಗಿತ್ತು. ಬಿಡುವ ಲಕ್ಷಣ ಕಾಣಲಿಲ್ಲ.